ಅಳಿಸಬೇಕಾ, ಬಿಡಬೇಕಾ? ನೊಂದವರ ಪೋಸ್ಟ್‌ಗಳ ಹಿಂದಿನ ಕತೆ

"ಇನ್ನು ಸಾಕಾಯ್ತು" ಅಂತ ಯಾರೋ ಸೋಷಿಯಲ್ ಮೀಡಿಯಾದಲ್ಲಿ ಪೋಸ್ಟ್ ಹಾಕುತ್ತಾರೆ. ಕಂಪನಿ ಅದನ್ನು ಅಳಿಸಿದರೆ ಇನ್ನೊಬ್ಬರು ನೋಡಿ ಕಂಗೆಡುವುದು ತಪ್ಪುತ್ತೆ, ಆದರೆ ಓಡಿ ಬರಬಹುದಾಗಿದ್ದ ಗೆಳೆಯರಿಗೂ ಅದು ಕಾಣದೇ ಹೋಗುತ್ತೆ ಅಲ್ವಾ? ಈ ತಿಕ್ಕಾಟ ಹಳೆಯದು.

2012ರಲ್ಲಿ ಟಂಬ್ಲರ್ ಅನ್ನುವ ಬ್ಲಾಗ್ ತಾಣ, ಸ್ವಯಂ ಹಾನಿಗೆ ಕುಮ್ಮಕ್ಕು ಕೊಡುವ ಬರಹಗಳನ್ನು ನಿಷೇಧಿಸಿತು. ಫೇಸ್‌ಬುಕ್ ಬೇರೆ ದಾರಿ ಹಿಡಿಯಿತು. 2017ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಸಿಕ್ಕ ಅದರ ಒಳಗಿನ ನಿಯಮಗಳ ಪ್ರಕಾರ, ಲೈವ್‌ನಲ್ಲಿ ಯಾರಾದರೂ ತಮ್ಮನ್ನೇ ಗಾಯ ಮಾಡಿಕೊಳ್ಳುತ್ತಿದ್ದರೂ ತಕ್ಷಣ ನಿಲ್ಲಿಸುವಂತಿರಲಿಲ್ಲ. ನೋಡುತ್ತಿರುವವರು ಸಹಾಯ ಮಾಡಲು ಸಾಧ್ಯವಿರುವಷ್ಟು ಹೊತ್ತು ಅದು ಇರಲಿ ಅನ್ನುವುದು ಅವರ ಲೆಕ್ಕ. ಕೇಳೋಕೆ ಭಯವಾಗುತ್ತೆ, ಆದರೆ ನನಗೆ ಅದು ಪೂರ್ತಿ ತಪ್ಪು ಅನಿಸುವುದಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಇಂಥ ಪೋಸ್ಟ್‌ಗಳನ್ನು ತಾನಾಗಿಯೇ ಗುರುತಿಸುವ ಎಐಯನ್ನು ಫೇಸ್‌ಬುಕ್ ಹಲವು ದೇಶಗಳಿಗೆ ವಿಸ್ತರಿಸಿತು.

ಅದೇ ತಿಂಗಳು ಲಂಡನ್ನಿನ 14 ವರ್ಷದ ಮೋಲಿ ರಸೆಲ್ ತೀರಿಕೊಂಡಳು. ಅವಳ ಸಾವಿನ ಬಗ್ಗೆ 2022ರಲ್ಲಿ ನಡೆದ ವಿಚಾರಣೆಯಲ್ಲಿ ಹೊರಬಂದ ಲೆಕ್ಕ ಹೀಗಿದೆ: ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಂನಲ್ಲಿ ಸೇವ್, ಲೈಕ್ ಅಥವಾ ಶೇರ್ ಮಾಡಿದ್ದ ಸುಮಾರು 16,300 ಪೋಸ್ಟ್‌ಗಳಲ್ಲಿ 2,100 ಖಿನ್ನತೆ, ಸ್ವಯಂ ಹಾನಿ, ಆತ್ಮಹತ್ಯೆಗೆ ಸಂಬಂಧಿಸಿದ್ದವು. ಅವಳು ಕೇಳದೇ ಇದ್ದರೂ ಅಲ್ಗಾರಿದಂ ಇಂಥವನ್ನು ತಂದು ಮುಂದಿಡುತ್ತಿತ್ತು. ಅಂದರೆ ಒಂದು ಪೋಸ್ಟ್ ಇರಬೇಕೋ ಬೇಡವೋ ಅಂತ ಜಗಳವಾಡುತ್ತಾ, ಅದನ್ನು ಯಾರ ಮುಂದೆ ಎಷ್ಟು ಸಲ ಸುರಿಯುತ್ತಿದ್ದೇವೆ ಅನ್ನುವುದನ್ನೇ ಕಂಪನಿಗಳು ಬಿಟ್ಟುಬಿಟ್ಟಿದ್ದವು. ಮೋಲಿಯ ಅಪ್ಪ ಬಹಿರಂಗವಾಗಿ ಮಾತಾಡಿದ ಮೇಲೆ, 2019ರ ಫೆಬ್ರುವರಿಯಲ್ಲಿ, ಇನ್‌ಸ್ಟಾಗ್ರಾಂ ಸ್ವಯಂ ಹಾನಿಯ ಭೀಕರ ಚಿತ್ರಗಳನ್ನು ನಿಷೇಧಿಸಿತು. 2023ರಲ್ಲಿ ಬ್ರಿಟನ್ ಆನ್‌ಲೈನ್ ಸುರಕ್ಷತೆಗೆ ಕಾನೂನನ್ನೇ ತಂದಿತು.

ನಮ್ಮಲ್ಲಿ ಕತೆ ಠಾಣೆಗೆ ಹೋಗಿ ನಿಲ್ಲುತ್ತೆ. ಉತ್ತರ ಪ್ರದೇಶದಲ್ಲಿ 2022ರಿಂದ, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ ಇಂಥ ಪೋಸ್ಟ್‌ಗಳ ಬಗ್ಗೆ ಕಳಿಸುವ ಎಚ್ಚರಿಕೆ ಲಖನೌ ಪೊಲೀಸ್ ಕೇಂದ್ರಕ್ಕೆ ಬರುತ್ತೆ, ಅವರು ಮೊಬೈಲ್ ಇರುವ ಜಾಗ ಹುಡುಕಿ ಹತ್ತಿರದ ಠಾಣೆಗೆ ತಿಳಿಸುತ್ತಾರೆ. ಜೀವಗಳು ಉಳಿದಿವೆ, ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ಮನೆ ಬಾಗಿಲಿಗೆ ಜೀಪು ಬಂದರೆ ಬೀದಿಗೆಲ್ಲ ಗೊತ್ತಾಗುತ್ತೆ. ಆತ್ಮಹತ್ಯೆ ಯತ್ನಕ್ಕೆ ಒಂದು ವರ್ಷದವರೆಗೆ ಜೈಲು ಅಂತಿದ್ದ ಐಪಿಸಿ 309ರ ಭಯವೂ ಜನರಲ್ಲಿ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಸರ್ಕಾರ ಆರೈಕೆ ಕೊಡಬೇಕು ಅನ್ನುತ್ತೆ. ಇದು ಎಷ್ಟು ಜನಕ್ಕೆ ಗೊತ್ತು?

ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರ್ 14416, ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನೊಂದವರೇ ಮಾಡಬೇಕೆಂದಿಲ್ಲ, ಅವರ ಪೋಸ್ಟ್ ನೋಡಿ ಗಾಬರಿಯಾದವರೂ ಕರೆ ಮಾಡಿ ಏನು ಮಾಡೋದು ಅಂತ ಕೇಳಬಹುದು.