ಕರೆಂಟ್ ಹೋಗಿ ಬಂದ ಮೇಲೆ ರೇಡ್ ಸಿಂಕ್ ಯಾಕೆ ಇಷ್ಟು ನಿಧಾನ?

ಪ್ರಶ್ನೆ: ಗೋಣಿಕೊಪ್ಪದಲ್ಲಿ ನಮ್ಮದು ಕಾಫಿ ವ್ಯಾಪಾರದ ಆಫೀಸ್. ಲಿನಕ್ಸ್ ಸರ್ವರ್‌ನಲ್ಲಿ 4 ಟಿಬಿಯ ಎರಡು ಡಿಸ್ಕ್‌ಗಳನ್ನು ರೇಡ್ 1 ಮಾಡಿದ್ದೇವೆ, ಅಂದರೆ ಒಂದರಲ್ಲಿ ಇರುವುದೇ ಇನ್ನೊಂದರಲ್ಲೂ ಇರುತ್ತದೆ. ಲೆಕ್ಕಪತ್ರ ಅದರಲ್ಲೇ, ಗೋಡೌನ್ ಮತ್ತು ಕಣದ ಸಿಸಿಟಿವಿ ರೆಕಾರ್ಡಿಂಗೂ ಅದರಲ್ಲೇ. ಮೊನ್ನೆ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಬಂದ ಮೇಲೆ ಎರಡೂ ಡಿಸ್ಕ್‌ಗಳನ್ನು ಮತ್ತೆ ಒಂದೇ ಥರ ಮಾಡುವ ರೀಸಿಂಕ್ ಶುರುವಾಗಿದೆ. 1.2 ಪರ್ಸೆಂಟ್ ಆಗಿದೆ, ಸ್ಪೀಡ್ 1002ಕೆ, ಮುಗಿಯಲು 64,190 ನಿಮಿಷ ಅಂತ ತೋರಿಸುತ್ತಿದೆ. ಡಿಸ್ಕ್ ಹಾಳಾಯ್ತಾ? ಹೊಸದು ತರಬೇಕಾ?

ಉತ್ತರ: ಹೊಸ ಡಿಸ್ಕ್‌ಗೆ ಈಗಲೇ ದುಡ್ಡು ಹಾಕಬೇಡಿ. ನೀವು ಬರೆದ 1002 ಎಂಬ ಅಂಕಿಯೇ ಕಾರಣ ಹೇಳುತ್ತಿದೆ. ಹಾಳಾದ ಡಿಸ್ಕ್‌ನ ವೇಗ ಏರಿಳಿಯುತ್ತಾ ಇರುತ್ತದೆ. ಹೀಗೆ ಸರಿಯಾಗಿ ಸಾವಿರದ ಹತ್ತಿರ ಕದಲದೆ ನಿಂತಿದ್ದರೆ ಅದನ್ನು ಅಲ್ಲಿ ಹಿಡಿದು ನಿಲ್ಲಿಸಿರುವುದು ಲಿನಕ್ಸೇ.

ಸಿಂಕ್‌ಗೆ ಲಿನಕ್ಸ್ ಎರಡು ಮಿತಿ ಇಟ್ಟಿದೆ. ಅರೇ (ರೇಡ್ ಮಾಡಿದ ಡಿಸ್ಕ್‌ಗಳ ಗುಂಪು) ಮೇಲೆ ಬೇರೆ ಕೆಲಸ ಇಲ್ಲದಿದ್ದರೆ ಸೆಕೆಂಡಿಗೆ 200000 ಕೆಬಿವರೆಗೆ ಓಡಬಹುದು. ಬೇರೆ ಯಾರಾದರೂ ಓದುತ್ತಿದ್ದರೆ, ಬರೆಯುತ್ತಿದ್ದರೆ, ಸಿಂಕ್ ಪಕ್ಕಕ್ಕೆ ಸರಿದು 1000 ಕೆಬಿಗೆ ಇಳಿಯುತ್ತದೆ. ಜನ ಕೆಲಸ ಮಾಡುವಾಗ ಸರ್ವರ್ ತಡವರಿಸಬಾರದು ಅಂತ ಈ ಏರ್ಪಾಡು. ಆದರೆ ನಿಮ್ಮ ಸಿಸಿಟಿವಿ ಹಗಲೂ ರಾತ್ರಿ ಬರೆಯುತ್ತಲೇ ಇರುತ್ತದೆ, ಅಲ್ವಾ? ಹಾಗಾಗಿ ಸಿಂಕ್‌ಗೆ ಪುರುಸೊತ್ತೇ ಸಿಗುತ್ತಿಲ್ಲ. 4 ಟಿಬಿಯನ್ನು ಈ ವೇಗದಲ್ಲಿ ಮುಗಿಸಲು ಸುಮಾರು 45 ದಿನ ಬೇಕು. ನಿಮ್ಮ 64 ಸಾವಿರ ನಿಮಿಷ ಬಂದಿದ್ದು ಈ ಲೆಕ್ಕದಿಂದಲೇ.

ಬೇರೆ ಊರಲ್ಲಾದರೆ 45 ದಿನ ಕಾಯಿರಿ ಅನ್ನಬಹುದಿತ್ತೇನೋ. ಕೊಡಗಿನ ಮಳೆಗಾಲದಲ್ಲಿ ಆ ಮಾತೇ ಇಲ್ಲ. ಸಿಂಕ್ ನಡುವೆ ಸರ್ವರ್ ದಢಕ್ಕನೆ ಆಫ್ ಆದರೆ, ಬಿಟ್‌ಮ್ಯಾಪ್ (ಬರೆಯುತ್ತಿದ್ದ ಜಾಗಗಳ ಗುರುತು) ಇಲ್ಲದ ಅರೇ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೂವರೆ ತಿಂಗಳು ಕರೆಂಟ್ ಒಂದು ಸಲವೂ ಕೈಕೊಡದೆ ಇರುತ್ತದೆಯೇ? ಹೀಗೇ ಬಿಟ್ಟರೆ ಈ ಸಿಂಕ್ ಮಳೆ ನಿಲ್ಲುವ ತನಕ ಮುಗಿಯುವುದಿಲ್ಲ.

ಮೊದಲು ಲೆಕ್ಕಪತ್ರದ ಒಂದು ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದಿಡಿ. ರೇಡ್ ಎಂದರೆ ಬ್ಯಾಕಪ್ ಅಲ್ಲ. ಆಮೇಲೆ ಒಂದು ಸಂಜೆ ಸಿಸಿಟಿವಿಯನ್ನು ಈ ಅರೇಗೆ ಬರೆಯದಂತೆ ನಿಲ್ಲಿಸಿ, ಅಥವಾ ಆ ಒಂದು ರಾತ್ರಿಗೆ ಬೇರೆ ಡಿಸ್ಕ್‌ಗೆ ತಿರುಗಿಸಿ. ವೇಗ ತಾನಾಗಿಯೇ ಏರಬೇಕು. 4 ಟಿಬಿ ಡಿಸ್ಕ್ ಸರಾಸರಿ 120 ಎಂಬಿಯಲ್ಲಿ ಓಡಿದರೂ ಒಂಬತ್ತು ಗಂಟೆಯ ಕೆಲಸ. ಕೊನೆಕೊನೆಗೆ ವೇಗ ಅರ್ಧಕ್ಕೆ ಇಳಿದರೆ ಗಾಬರಿ ಬೇಡ. ಡಿಸ್ಕ್‌ನ ಒಳಸುತ್ತಿಗೆ ಬಂದಂತೆ ಹಾಗಾಗುವುದು ಸಹಜ.

ರೆಕಾರ್ಡಿಂಗ್ ನಿಲ್ಲಿಸಲು ಆಗುವುದೇ ಇಲ್ಲ ಎಂದಾದರೆ ಕೆಳಗಿನ ಮಿತಿಯನ್ನು ಎತ್ತಬೇಕು. ಪ್ರಾಕ್ ಒಳಗೆ ಸಿಸ್, ಅದರೊಳಗೆ ಡೆವ್, ಅದರೊಳಗೆ ರೇಡ್ ಎಂಬ ಫೋಲ್ಡರ್ ಇದೆ. ಅಲ್ಲಿ ‘ಸ್ಪೀಡ್ ಲಿಮಿಟ್ ಮಿನ್’ ಎಂಬ ಫೈಲ್‌ನಲ್ಲಿ 1000 ಇರುತ್ತದೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಅಲ್ಲಿಗೆ 50000 ಬರೆಯಿರಿ. ಡಿಸ್ಕ್‌ಗಳಿಗೆ ಅಷ್ಟು ತಾಕತ್ತಿದ್ದರೆ ಇಡೀ ಕೆಲಸ ಒಂದು ದಿನದೊಳಗೆ ಮುಗಿಯುತ್ತದೆ. ಅಷ್ಟು ಹೊತ್ತು ಬಿಲ್ಲಿಂಗ್ ಸ್ವಲ್ಪ ಎಳೆಯಬಹುದು, ಸಹಿಸಿಕೊಳ್ಳಿ. ಸರ್ವರ್ ರೀಸ್ಟಾರ್ಟ್ ಆದರೆ ಅಂಕಿ ತಾನಾಗಿ ಹಳೆಯದಕ್ಕೆ ಮರಳುತ್ತದೆ.

 

ಇಷ್ಟಾದರೂ ವೇಗ ಏರದಿದ್ದರೆ ಆಗ ಡಿಸ್ಕ್ ಮೇಲೆ ಅನುಮಾನ ಪಡಿ. ಐಒಸ್ಟ್ಯಾಟ್‌ನಲ್ಲಿ (ಯಾವ ಡಿಸ್ಕ್ ಎಷ್ಟು ಬ್ಯುಸಿ ಎಂದು ತೋರಿಸುವ ಕಮಾಂಡ್) ಒಂದೇ ಡಿಸ್ಕ್ 100 ಪರ್ಸೆಂಟ್ ಬ್ಯುಸಿ ಇದ್ದು ಇನ್ನೊಂದು ಸುಮ್ನೆ ಕೂತಿದ್ದರೆ, ಕಾಯಿಸುತ್ತಿರುವುದು ಆ ಬ್ಯುಸಿ ಡಿಸ್ಕೇ. ಅದರ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ, ತೆಗೆಯಿರಿ. ‘ಕರೆಂಟ್ ಪೆಂಡಿಂಗ್ ಸೆಕ್ಟರ್’ (ಓದಲಾಗದೆ ಸದ್ಯ ಬಾಕಿ ಉಳಿದ ಜಾಗಗಳು) ಸೊನ್ನೆಗಿಂತ ಜಾಸ್ತಿ ಇದ್ದರೆ ಮಿತಿ ಎತ್ತುವ ಆಲೋಚನೆ ಬಿಡಿ, ಡಿಸ್ಕ್ ಬದಲಿಸುವ ತಯಾರಿ ಮಾಡಿ. ‘ಸಿಆರ್‌ಸಿ ಎರರ್ ಕೌಂಟ್’ (ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ) ಮಾತ್ರ ಏರುತ್ತಿದ್ದರೆ ತೊಂದರೆ ಹೆಚ್ಚಾಗಿ ಡಿಸ್ಕನ್ನು ಜೋಡಿಸುವ ಸಾಟಾ ಕೇಬಲ್‌ನದು. ನಮ್ಮ ಕಡೆಯ ಥಂಡಿಗೆ ಕನೆಕ್ಟರ್ ಕಿಲುಬು ಹಿಡಿಯುವುದು ಹೊಸದೇನಲ್ಲ. ಸರ್ವರ್ ಆಫ್ ಮಾಡಿ, ಹೊಸ ಕೇಬಲ್ ಹಾಕಿ ನೋಡಿ.

ಮುಂದೆ ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಮಾದರಿ ಬೇಡ, ಟ್ರ್ಯಾಕ್‌ಗಳು ಬೇರೆಬೇರೆ ಇರುವ ಸಿಎಂಆರ್ ಕೇಳಿ ತನ್ನಿ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಹಾಗಾಗಿ ದೀರ್ಘ ಹೊತ್ತು ಬರೆಯುವಾಗ ಅದು ತೀರಾ ನಿಧಾನವಾಗುತ್ತದೆ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆಯೇ ಆಗಿತ್ತು.

ಇನ್ನು ಬಿಟ್‌ಮ್ಯಾಪ್. ನನ್ನ ಪ್ರಕಾರ ಇದು ಇಲ್ಲದಿರುವುದೇ ನಿಮ್ಮ ಸಮಸ್ಯೆಯ ಬುಡ. ಬಿಟ್‌ಮ್ಯಾಪ್ ಇದ್ದರೆ ಎಲ್ಲೆಲ್ಲಿ ಬರೆಯುತ್ತಿದ್ದೆ ಎಂಬ ಗುರುತು ಡಿಸ್ಕ್‌ನಲ್ಲೇ ಉಳಿಯುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಆ ಜಾಗಗಳನ್ನಷ್ಟೇ ಸಿಂಕ್ ಮಾಡಿದರೆ ಆಯಿತು. ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ. ಈಚಿನ ಎಂಡಿಅಡ್ಮ್ (ಲಿನಕ್ಸ್‌ನಲ್ಲಿ ರೇಡ್ ನೋಡಿಕೊಳ್ಳುವ ತಂತ್ರಾಂಶ) 100 ಜಿಬಿಗಿಂತ ದೊಡ್ಡ ಅರೇಗಳಿಗೆ ಇದನ್ನು ತಾನಾಗಿ ಸೇರಿಸುತ್ತದೆ. ನಿಮ್ಮದು ಹಳೆಯದಿರಬೇಕು. ಎಂಡಿಸ್ಟ್ಯಾಟ್‌ನಲ್ಲಿ (ಸಿಂಕ್ ಎಷ್ಟಾಯಿತು ಎಂದು ತೋರಿಸುವ ಫೈಲ್) ‘ಬಿಟ್‌ಮ್ಯಾಪ್’ ಎಂದು ಶುರುವಾಗುವ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಎಂಡಿಅಡ್ಮ್‌ನ ‘ಗ್ರೋ’ ಆಯ್ಕೆಯಲ್ಲಿ ‘ಇಂಟರ್ನಲ್’ ಬಿಟ್‌ಮ್ಯಾಪ್ ಸೇರಿಸಬಹುದು. ಸಿಂಕ್ ನಡೆಯುತ್ತಿರುವಾಗ ಅದು ಒಪ್ಪುವುದಿಲ್ಲ, ಮುಗಿದ ತಕ್ಷಣ ಮಾಡಿ. ಬರೆಯುವ ವೇಗ ಚೂರು ಕಡಿಮೆಯಾಗುತ್ತದೆ. ನಿಮ್ಮ ಕೆಲಸಕ್ಕೆ ಅದು ಗೊತ್ತಾಗುವಷ್ಟಲ್ಲ.

ಸರ್ವರ್ ಮನೆಯ ಇನ್ವರ್ಟರ್ ಮೇಲಿದ್ದರೆ ಅದರ ಹಿಂದೆ ‘ಯುಪಿಎಸ್ ಮೋಡ್’ ಸ್ವಿಚ್ ಇದೆಯೇ ನೋಡಿ. ಆ ಮೋಡ್‌ನಲ್ಲಿ ಇಲ್ಲದಿದ್ದರೆ ಲೈನ್ ಬದಲಾಗುವ ಆ ಕ್ಷಣದಲ್ಲೇ ಸರ್ವರ್ ರೀಸ್ಟಾರ್ಟ್ ಆಗಿಬಿಡಬಹುದು. ಯುಎಸ್‌ಬಿ ಇರುವ ಯುಪಿಎಸ್ ಆದರೆ ಇನ್ನೂ ಒಳ್ಳೆಯದು. ನಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ, ಬ್ಯಾಟರಿ ಮುಗಿಯುತ್ತಾ ಬಂದಾಗ ಅದೇ ಸರ್ವರನ್ನು ಕ್ರಮವಾಗಿ ಶಟ್‌ಡೌನ್ ಮಾಡುತ್ತದೆ. ಹಾಗೆ ಆಫ್ ಆದರೆ ನಡೆಯುತ್ತಿದ್ದ ಸಿಂಕ್ ಕೂಡ ಸೊನ್ನೆಗೆ ಹೋಗುವುದಿಲ್ಲ. ಕರೆಂಟ್ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.