ಕರಾವಳಿಯ ಸೆಕೆಯಲ್ಲಿ ಫಿಲ್ಮ್ ರೋಲ್ ತೊಳೆಯುವುದು: ಹೊಸಬರಿಗೆ ಟಿಪ್ಪಣಿ

ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ಎಂಬ ರಾಸಾಯನಿಕದ ಪ್ಯಾಕೆಟ್‌ಗಳ ಮೇಲೆ ಸಾಮಾನ್ಯವಾಗಿ ಬರೆದಿರುವ ಸಮಯ 20 ಡಿಗ್ರಿ ನೀರಿಗೆ. ಏಪ್ರಿಲ್ ಮಧ್ಯಾಹ್ನ ಉಡುಪಿಯಲ್ಲೋ ಮಂಗಳೂರಲ್ಲೋ ಟೆರೇಸ್ ಟ್ಯಾಂಕಿನ ನಲ್ಲಿ ತಿರುಗಿಸಿ ನೋಡಿ, ಆ 20 ಎಲ್ಲಿ ಸಿಗುತ್ತದೆ ಮಾರಾಯ್ರೆ? ಹಾಗಾಗಿ ನಾವು ಮೊದಲು ಕೊಳ್ಳಬೇಕಾದ್ದು ಹೊಸ ಲೆನ್ಸ್ ಅಲ್ಲ, ಒಂದು ಒಳ್ಳೆಯ ಥರ್ಮಾಮೀಟರ್.

ಕಪ್ಪು ಬಿಳುಪಿನಿಂದಲೇ ಶುರು ಮಾಡಿ. ಕಲರ್ ಫಿಲ್ಮ್‌ಗೆ 38 ಡಿಗ್ರಿ ಬೇಕು, ನಮ್ಮ ಸೆಕೆಗೆ ಅದೇ ಸುಲಭ ಅಂತ ಅನ್ನಿಸಬಹುದು. ಆದರೆ ಅಲ್ಲಿ ಅರ್ಧ ಡಿಗ್ರಿ ಆಚೀಚೆ ಆದರೂ ಬಣ್ಣ ಕೆಡುತ್ತದೆ. ಕಪ್ಪು ಬಿಳುಪು ಅಷ್ಟು ಹಟ ಮಾಡುವುದಿಲ್ಲ.

ಮೊದಲ ರೋಲ್‌ಗೆ 400 ಐಎಸ್ಒ ಸಾಕು (ಐಎಸ್ಒ ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ). ಬೆಳಕು ಅಳೆಯುವ ಮೀಟರ್ ಕೆಟ್ಟ ಹಳೆ ಕ್ಯಾಮೆರಾ ಆದರೂ ಚಿಂತೆಯಿಲ್ಲ. ಚುರುಕು ಬಿಸಿಲಲ್ಲಿ ಲೆನ್ಸಿನ ಅಪರ್ಚರ್ ಎಫ್ 16 ಇಡಿ, ಶಟರ್ 1/500 ಇಡಿ. ಮಲ್ಪೆಯ ಮರಳಲ್ಲಿ ಬೆಳಕು ಇನ್ನೂ ಜಾಸ್ತಿ, ಅಲ್ಲಿ ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಎಫ್ 22. ಫ್ರಿಜ್‌ನಲ್ಲಿಟ್ಟ ರೋಲನ್ನು ತೆಗೆದ ಕೂಡಲೇ ಡಬ್ಬಿ ತೆರೆಯಬೇಡಿ. ನಮ್ಮ ಗಾಳಿಯ ತೇವಕ್ಕೆ ಅದರ ಮೇಲೆ ನೀರು ಕೂರುತ್ತದೆ. ಒಂದೆರಡು ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ.

ಇನ್ನು ಶಾಖದ ಲೆಕ್ಕ. ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಬದಲಾಯಿಸುತ್ತದೆ. ನೀರು ಬಿಸಿ ಇದ್ದಷ್ಟೂ ಈ ಕೆಲಸ ಬೇಗ ಆಗುತ್ತದೆ. ಫಿಲ್ಮ್ ಕಂಪನಿ ಇಲ್ಫರ್ಡ್‌ನ ಲೆಕ್ಕದಲ್ಲಿ 20 ಡಿಗ್ರಿಗೆ 4 ನಿಮಿಷ ಇದ್ದದ್ದು 23ಕ್ಕೆ 3 ನಿಮಿಷ. ಬೇಗ ಮುಗಿದರೆ ಒಳ್ಳೆಯದೇ ಅಲ್ವಾ ಅಂದರೆ, ಅಲ್ಲ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಡೆವಲಪರ್ ಎಲ್ಲ ಕಡೆ ಸಮನಾಗಿ ಕೆಲಸ ಮಾಡುವ ಮೊದಲೇ ಚೆಲ್ಲುವ ಹೊತ್ತು ಬಂದಿರುತ್ತದೆ, ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ.

ಇಲ್ಫರ್ಡ್‌ನ 400 ಐಎಸ್ಒ ಕಪ್ಪು ಬಿಳುಪು ಫಿಲ್ಮ್ ಎಚ್‌ಪಿ5 ಅನ್ನೇ ತೆಗೆದುಕೊಳ್ಳಿ. ಅವರದ್ದೇ ಐಡಿ-11 ಡೆವಲಪರನ್ನು ನೀರು ಬೆರೆಸದೆ ಹಾಕಿದರೆ 20 ಡಿಗ್ರಿಗೆ ಏಳೂವರೆ ನಿಮಿಷ, ಸಮ ಪ್ರಮಾಣದ ನೀರು ಬೆರೆಸಿದರೆ 13 ನಿಮಿಷ. 24 ಡಿಗ್ರಿಗೆ ಏಳೂವರೆ ಸುಮಾರು ಐದಕ್ಕೆ ಇಳಿಯುತ್ತದೆ, 13 ಸುಮಾರು ಒಂಬತ್ತಕ್ಕೆ. ಹಾಗಾಗಿ ನಮ್ಮಲ್ಲಿ ನೀರು ಬೆರೆಸಿಯೇ ಬಳಸುವುದು ಜಾಣತನ ಅಂತ ನನ್ನ ಅಭಿಪ್ರಾಯ, ಖರ್ಚೂ ಕಡಿಮೆ. 20ರ ಹಿಂದೆ ಓಡಬೇಡಿ, 24 ಹಿಡಿಯಿರಿ. ಬೆರೆಸುವ ಆ ಅರ್ಧ ಪಾಲಿಗೆ ಫ್ರಿಜ್‌ನ ನೀರನ್ನೂ ಕೋಣೆಯಲ್ಲಿಟ್ಟ ನೀರನ್ನೂ ಹೊಂದಿಸಿಕೊಂಡು ಡೆವಲಪರಿಗೆ ಸ್ವಲ್ಪ ಸ್ವಲ್ಪವೇ ಸುರಿದರೆ ಥರ್ಮಾಮೀಟರ್ 24ಕ್ಕೆ ಬರುತ್ತದೆ. ಐಸ್ ತುಂಡನ್ನು ಸುಮ್ನೆ ಒಳಗೆ ಹಾಕಿದರೆ ಅಳತೆ ಕೆಡುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಳಿಸಿ. ಕೊಡಾಕ್‌ನ ಡಿ-76 ಕೂಡ ಹೆಚ್ಚುಕಮ್ಮಿ ಇದೇ ಡೆವಲಪರ್, 1927ರಿಂದ ಇದೆ.

ರಾತ್ರಿಯ ಯಕ್ಷಗಾನ ತೆಗೆಯುವವರಿಗೆ ಇದು ಬೇರೆ. ಬೆಳಕು ಕಡಿಮೆ ಅಂತ ಎಚ್‌ಪಿ5 ಅನ್ನು 1600 ಐಎಸ್ಒ ಫಿಲ್ಮ್ ಅಂತಲೇ ಲೆಕ್ಕ ಹಾಕಿ ತೆಗೆದರೆ ನೀರು ಬೆರೆಸದ ಐಡಿ-11ರಲ್ಲಿ 20 ಡಿಗ್ರಿಗೆ 14 ನಿಮಿಷ, 24ಕ್ಕೆ ಸುಮಾರು ಹತ್ತು. ಸಮಯ ತಾನೇ ಉದ್ದ ಇರುವುದರಿಂದ ಇಲ್ಲಿ ಬೆರೆಸಬೇಕಾಗಿಲ್ಲ.

ರೋಲನ್ನು ಪೂರ್ತಿ ಕತ್ತಲಲ್ಲಿ ಸ್ಪೂಲಿಗೆ, ಅಂದರೆ ಬೆಳಕು ಹೋಗದ ಡೆವಲಪಿಂಗ್ ಟ್ಯಾಂಕಿನೊಳಗೆ ಕೂರುವ ಸುರುಳಿಗೆ, ಸುತ್ತುವುದೇ ಹೊಸಬರನ್ನು ಅಳುವಂತೆ ಮಾಡುವ ಕೆಲಸ. ಹಂಚಿನ ಮನೆಯಾದರೆ ಗಾಜಿನ ಹಂಚಿನಿಂದ ಬೆಳಕು ಬಂದೇ ಬರುತ್ತದೆ, ರಾತ್ರಿ ಮಾಡಿ. ಕೈ ಮಾತ್ರ ತೂರಿಸುವ ಕತ್ತಲ ಚೀಲ, ಅಂದರೆ ಚೇಂಜಿಂಗ್ ಬ್ಯಾಗ್ ಒಳಗೆ ಐದೇ ನಿಮಿಷಕ್ಕೆ ಕೈ ಬೆವರುತ್ತದೆ, ಆ ತೇವಕ್ಕೆ ಫಿಲ್ಮ್ ಪ್ಲಾಸ್ಟಿಕ್ ಸ್ಪೂಲಿನಲ್ಲಿ ಅಂಟಿಕೊಂಡು ಮುಂದೆ ಹೋಗುವುದೇ ಇಲ್ಲ. ಆಗ ಬಲ ಹಾಕಬೇಡಿ. ಫಿಲ್ಮನ್ನು ಟ್ಯಾಂಕಿಗೆ ಇಳಿಸಿ, ಮುಚ್ಚಳ ಹಾಕಿ, ಕೈ ಹೊರಗೆ ತೆಗೆದು ಒರೆಸಿಕೊಂಡು ಗಾಳಿಗೆ ಹಿಡಿಯಿರಿ. ಸ್ಪೂಲ್ ಚೂರೂ ಒದ್ದೆ ಇರಬಾರದು. ಹಾಳಾದ ಒಂದು ರೋಲ್ ಸಿಕ್ಕಿದರೆ ಮೊದಲು ಬೆಳಕಲ್ಲಿ, ಆಮೇಲೆ ಕಣ್ಣು ಮುಚ್ಚಿ ಸುತ್ತಿ ಸುತ್ತಿ ಅಭ್ಯಾಸ ಮಾಡಿ.

ಡೆವಲಪರ್ ಸುರಿದ ಮೇಲೆ ಪ್ರತಿ ನಿಮಿಷದ ಶುರುವಿನಲ್ಲಿ ಹತ್ತು ಸೆಕೆಂಡಿನೊಳಗೆ ನಾಲ್ಕು ಸಲ ಟ್ಯಾಂಕ್ ಮಗುಚಿ, ಗುಳ್ಳೆ ಹೋಗಲು ಮೇಜಿಗೆ ಮೆಲ್ಲಗೆ ಕುಟ್ಟಿ. ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್‌ಬಾತ್‌ಗೆ ಅಡುಗೆಮನೆಯ ಬಿಳಿ ವಿನಿಗರ್ ಒಂದು ಪಾಲು, ನೀರು ಮೂರು ಪಾಲು. ಆಮೇಲೆ ಫಿಲ್ಮಿನಲ್ಲಿ ಉಳಿದ ಬೆಳ್ಳಿಯ ಲವಣವನ್ನು ಕರಗಿಸುವ ಫಿಕ್ಸರ್. ಅದು ಎಷ್ಟು ಹೊತ್ತು ಅಂತ ತಿಳಿಯಲು, ಕತ್ತರಿಸಿದ ಫಿಲ್ಮ್ ತುದಿಯನ್ನು ಅದರಲ್ಲಿ ಅದ್ದಿ ನೋಡಿ, ಅದು ತಿಳಿಯಾಗಲು ಹಿಡಿದ ಸಮಯದ ಎರಡು ಪಟ್ಟು ಸಾಕು. ಎಲ್ಲ ದ್ರಾವಣ ಮತ್ತು ತೊಳೆಯುವ ನೀರು 24ರ ಆಸುಪಾಸಿನಲ್ಲೇ ಇರಲಿ. ತಣ್ಣಗಿನದರಿಂದ ಬಿಸಿಗೆ ಒಮ್ಮೆಲೇ ಹಾರಿದರೆ ಫಿಲ್ಮ್ ಮೇಲಿನ ಜೆಲಾಟಿನ್ ಪದರ ಸುಕ್ಕುಗಟ್ಟುತ್ತದೆ. ತೊಳೆಯಲು ನಲ್ಲಿ ಬಿಟ್ಟು ನೀರು ಹಾಳು ಮಾಡಬೇಕಿಲ್ಲ: ನೀರು ತುಂಬಿಸಿ ಐದು ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿಸಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಇದು ರ್‍ಯಾಪಿಡ್ ಫಿಕ್ಸರ್‌ಗೆ ಮಾತ್ರ.

ಒಣಗಿಸಲು ಬಚ್ಚಲುಮನೆಯಲ್ಲಿ ತೂಗಿಹಾಕಿ, ಕೆಳಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ, ಫ್ಯಾನ್ ಮಾತ್ರ ಬೇಡ, ಧೂಳು ಕೂರುತ್ತದೆ. ಜೂನ್ ಜುಲೈಯಲ್ಲಿ ಇದು ಇಡೀ ರಾತ್ರಿಯ ಕೆಲಸ. ಅರೆಬರೆ ಒಣಗಿದ್ದನ್ನು ನೆಗೆಟಿವ್ ಇಡುವ ಲಕೋಟೆಗೆ ತೂರಿಸಿದರೆ ಅಂಟಿಕೊಳ್ಳುತ್ತದೆ, ಬೂಸು ಬರುತ್ತದೆ. ನೆಗೆಟಿವ್ ಮತ್ತು ಲೆನ್ಸ್ ಎರಡನ್ನೂ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಹಳೆ ಫಿಕ್ಸರನ್ನು ತೆಂಗಿನ ಬುಡಕ್ಕೆ ಚೆಲ್ಲಬೇಡಿ, ಬಾವಿಕಟ್ಟೆ ಹತ್ತಿರವಂತೂ ಬೇಡವೇ ಬೇಡ. ಅದರಲ್ಲಿ ಕರಗಿದ ಬೆಳ್ಳಿ ಇರುತ್ತದೆ. ಹೆಸರು ಬರೆದ ಕ್ಯಾನಿನಲ್ಲಿ ಕೂಡಿಡಿ, ಎಕ್ಸ್‌ರೇ ಫಿಲ್ಮಿನಿಂದ ಬೆಳ್ಳಿ ತೆಗೆಯುವವರು ಯಾರಾದರೂ ಸಿಕ್ಕಿದರೆ ಕೇಳಿ ನೋಡಿ.