ಸಿಸಿ ಕಮ್ಮಿ, ಪಿಕಪ್ ಜಾಸ್ತಿ

ನಮ್ಮ ಸೋದರಮಾವ ಮೂಡಿಗೆರೆ ಕಡೆಯವರು. ಅವರ ಹತ್ತಿರ ಬಹಳ ವರ್ಷ ಒಂದು ಹೋಂಡಾ ಸಿಟಿ ವಿಟೆಕ್ ಇತ್ತು. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತಬೇಕಲ್ಲ, ಅಲ್ಲಿ ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಮಾವನದು ಒಂದು ಕ್ರಮ. ಮೊದಲು ಎಸಿ ಆಫ್. ಆಮೇಲೆ ಗೇರ್ ಮೂರರಿಂದ ಎರಡಕ್ಕೆ. ರಸ್ತೆ ಸ್ವಲ್ಪ ನೇರ ಸಿಕ್ಕ ಕೂಡಲೇ ಆಕ್ಸಿಲರೇಟರ್ ತಳದವರೆಗೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮುಳ್ಳು ಐದು ಸಾವಿರದ ಹತ್ತಿರ ಬಂದಾಗ ಎಂಜಿನ್ನಿನ ಸದ್ದೇ ಬೇರೆಯಾಗುತ್ತಿತ್ತು. ಅಲ್ಲಿಯವರೆಗೆ ಗೊಣಗುತ್ತಿದ್ದದ್ದು ಆಮೇಲೆ ಅರಚುತ್ತಿತ್ತು. ಹಿಂದಿನ ಸೀಟಿನಿಂದ ಅತ್ತೆ "ನಿಧಾನ ಕಣ್ರೀ" ಅನ್ನುವಷ್ಟರಲ್ಲಿ ಬಸ್ಸು ಕನ್ನಡಿಯಲ್ಲಿರುತ್ತಿತ್ತು.

ಈಗ ಮಾವನ ಮಗ ಹೊಸ ಕಾರು ತಂದಿದ್ದಾನೆ. ಸ್ಕೋಡಾ ಸ್ಲಾವಿಯಾ, ಒಂದು ಲೀಟರಿನ ಟರ್ಬೊ ಪೆಟ್ರೋಲ್. ಮಾವ ಬಾನೆಟ್ ಎತ್ತಿಸಿ ನೋಡಿದರು. "ಮೂರೇ ಸಿಲಿಂಡರ್ರಾ? ಇಷ್ಟುದ್ದ ಗಾಡಿಗೆ ಇದು ಸಾಕೇನೋ?" ಅಂದರು. ಆ ವಾರವೇ ಎಲ್ಲರೂ ಅದೇ ಘಾಟಿ ಹತ್ತಿದೆವು. ಮುಂದೆ ಬಸ್ಸು, ಮಗ ಮೂರನೇ ಗೇರಿನಲ್ಲಿ, ಮುಳ್ಳು ಎರಡು ಸಾವಿರದಲ್ಲಿ. ಅವನು ಗೇರಿಗೆ ಕೈ ಹಾಕಲೇ ಇಲ್ಲ. ಸುಮ್ನೆ ಕಾಲು ಒತ್ತಿದ, ಗಾಡಿ ಬಸ್ಸನ್ನು ದಾಟಿತು. ಎಸಿ ಓಡುತ್ತಲೇ ಇತ್ತು. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಂದೂವರೆ ಲೀಟರಿನ, ಆ ಕಾಲಕ್ಕೆ ಹುಡುಗರ ಕನಸಿನ ಕಾರಾಗಿದ್ದದ್ದು ಎರಡನೇ ಗೇರಿನಲ್ಲಿ ಕೂಗಾಡಿ ಮಾಡುತ್ತಿದ್ದ ಕೆಲಸವನ್ನು ಒಂದು ಲೀಟರಿನ ಸಂಸಾರದ ಕಾರು ಉಸಿರೆತ್ತದೆ ಮಾಡಿತು. ಹೇಗೆ?

ಮೊದಲು ಲೆಕ್ಕ ನೋಡೋಣ. 2000ದ ಇಸವಿಯಲ್ಲಿ ಬಂದ ಸಿಟಿ ವಿಟೆಕ್‌ದು 1,493 ಸಿಸಿ, 106 ಅಶ್ವಶಕ್ತಿ. ಗಾಡಿಯ ತೂಕ ಹತ್ತಿರ ಹತ್ತಿರ ಒಂದು ಟನ್. ಸ್ಲಾವಿಯಾದ್ದು 999 ಸಿಸಿ, 115 ಅಶ್ವಶಕ್ತಿ. ತೂಕ ಇನ್ನೂರು ಕೆಜಿಯಷ್ಟು ಜಾಸ್ತಿ. ಟನ್ನಿಗೆ ಎಷ್ಟು ಕುದುರೆ ಅಂತ ಭಾಗಿಸಿದರೆ ಹಳೇ ಕಾರೇ ಮುಂದು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಎರಡಕ್ಕೂ ಹತ್ತು ಸೆಕೆಂಡಿನ ಆಚೀಚೆ ಬೇಕು. ಅಂದರೆ ಇಪ್ಪತ್ತೆರಡು ವರ್ಷದಲ್ಲಿ ಏನೂ ಆಗಲೇ ಇಲ್ಲ ಅನ್ನಿಸುತ್ತದೆ, ಅಲ್ವಾ?

ಗುಟ್ಟಿರುವುದು ಬ್ರೋಷರಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಇನ್ನೊಂದು ಸಂಖ್ಯೆಯಲ್ಲಿ. ಸಿಟಿಯ 106 ಕುದುರೆಗಳೂ ಹೊರಗೆ ಬರುವುದು ಎಂಜಿನ್ ನಿಮಿಷಕ್ಕೆ ಏಳು ಸಾವಿರ ಸುತ್ತಿನ ಹತ್ತಿರ ತಿರುಗಿದಾಗ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಯಾರು ಅಷ್ಟು ರೇಸ್ ಮಾಡುತ್ತಾರೆ? ದಿನಾ ಓಡಿಸುವವರ ಮುಳ್ಳು ಒಂದೂವರೆ ಸಾವಿರದಿಂದ ಮೂರು ಸಾವಿರದ ಒಳಗೇ ಆಡುತ್ತಿರುತ್ತದೆ. ಆ ಜಾಗದಲ್ಲಿ ಎಂಜಿನ್ ಏನು ಕೊಡುತ್ತದೆ ಅನ್ನುವುದನ್ನು ಟಾರ್ಕ್ ಹೇಳುತ್ತದೆ.

ಟಾರ್ಕ್, ಅಶ್ವಶಕ್ತಿ ಇವೆರಡರ ಸಂಬಂಧ ಬಾವಿಯಲ್ಲಿ ನೀರು ಸೇದಿದವರಿಗೆ ತಟ್ಟನೆ ಗೊತ್ತಾಗುತ್ತದೆ. ಒಂದು ಸಲಕ್ಕೆ ಎಷ್ಟು ದೊಡ್ಡ ಕೊಡ ಎತ್ತುತ್ತೀರಿ ಅನ್ನುವುದು ಟಾರ್ಕ್. ನಿಮಿಷಕ್ಕೆ ಎಷ್ಟು ಸಲ ಎತ್ತುತ್ತೀರಿ ಅನ್ನುವುದು ಎಂಜಿನ್ನಿನ ಸುತ್ತು. ನಿಮಿಷಕ್ಕೆ ಒಟ್ಟು ಎಷ್ಟು ನೀರು ಮೇಲೆ ಬಂತು ಅನ್ನುವುದು ಅಶ್ವಶಕ್ತಿ. ಚಿಕ್ಕ ತಂಬಿಗೆಯನ್ನು ದಡದಡ ಎತ್ತಿದರೂ ತೊಟ್ಟಿ ತುಂಬುತ್ತದೆ, ದೊಡ್ಡ ಕೊಡವನ್ನು ನಿಧಾನಕ್ಕೆ ಎತ್ತಿದರೂ ತುಂಬುತ್ತದೆ. ಸಿಟಿಯದು ತಂಬಿಗೆ. ಅದರ ಟಾರ್ಕ್ ಜಾಸ್ತಿ ಅಂದರೆ 130 ನ್ಯೂಟನ್ ಮೀಟರಿನ ಆಸುಪಾಸು, ಅದೂ ಮುಳ್ಳು ಚೆನ್ನಾಗಿ ಮೇಲೇರಿದ ಮೇಲೆ. ಸ್ಲಾವಿಯಾದ ಕೊಡ 178 ನ್ಯೂಟನ್ ಮೀಟರ್, ಅದು 1,750 ಸುತ್ತಿಗೇ ತುಂಬಿ ಬರುತ್ತದೆ.

ಎರಡು ಸಾವಿರ ಸುತ್ತಿನಲ್ಲಿ ಲೆಕ್ಕ ಹಾಕಿದರೆ ಹೊಸ ಎಂಜಿನ್ ಸುಮಾರು 50 ಅಶ್ವಶಕ್ತಿ ಕೊಡುತ್ತಿರುತ್ತದೆ. ಹಳೆಯದು ಆ ಸುತ್ತಿನಲ್ಲಿ 110 ನ್ಯೂಟನ್ ಮೀಟರ್ ಎಳೆಯುತ್ತದೆ ಅಂತ ಧಾರಾಳವಾಗಿ ಹಿಡಿದರೂ ಬರುವುದು 31. ಮಾವನ ಎಡಗೈ ಅಷ್ಟು ಕೆಲಸ ಮಾಡಬೇಕಾಗಿದ್ದದ್ದು ಇದಕ್ಕೇ. ಗೇರ್ ಇಳಿಸಿ, ಸುತ್ತು ಏರಿಸಿ, ಕುದುರೆಗಳನ್ನು ಲಾಯದಿಂದ ಹೊರಗೆ ಹೊಡೆಯಬೇಕಿತ್ತು.

ಇನ್ನು ಸಿಸಿ ವಿಷಯ. ಕಾರು ಅಂದ ಕೂಡಲೇ ನಮ್ಮವರು ಕೇಳುವ ಮೊದಲ ಪ್ರಶ್ನೆ "ಎಷ್ಟು ಸಿಸಿ?" ಸಿಸಿ ಅಂದರೆ ಸಿಲಿಂಡರುಗಳ ಒಳಗಿನ ಜಾಗ, ಅಷ್ಟೇ. ಆ ಜಾಗದಲ್ಲಿ ಎಷ್ಟು ಗಾಳಿ ಹಿಡಿಸುತ್ತೀರಿ ಅನ್ನುವುದು ಬೇರೆ ಮಾತು. ಎಂಜಿನ್ನಿನ ಶಕ್ತಿಯೆಲ್ಲ ಕೊನೆಗೆ ಗಾಳಿಯ ಲೆಕ್ಕ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಹದಿನಾಲ್ಕೂವರೆ ಗ್ರಾಮಿಗಿಂತ ಸ್ವಲ್ಪ ಜಾಸ್ತಿ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮುಕಿಸಬಹುದು. ಗಾಳಿ ತುಂಬಿಸುವುದೇ ಕಷ್ಟ.

ಹೋಂಡಾದವರು ಇದಕ್ಕೆ ಕಂಡುಕೊಂಡ ದಾರಿ ವಿಟೆಕ್. 1989ರಲ್ಲಿ ಜಪಾನಿನ ಇಂಟೆಗ್ರಾ ಕಾರಿನಲ್ಲಿ ಮೊದಲು ಬಂತು. ಸಿಲಿಂಡರಿನ ಬಾಗಿಲು ಅಂದರೆ ವಾಲ್ವ್. ಅದನ್ನು ತೆಗೆದು ಮುಚ್ಚುವುದು ಕ್ಯಾಮ್ ಶಾಫ್ಟಿನ ಉಬ್ಬು. ವಿಟೆಕ್‌ನಲ್ಲಿ ಎರಡು ಥರದ ಉಬ್ಬು. ನಿಧಾನಕ್ಕೆ ಹೋಗುವಾಗ ಸಣ್ಣದು ಕೆಲಸ ಮಾಡುತ್ತದೆ. ಸುತ್ತು ಏರಿದಾಗ ಆಯಿಲಿನ ಒತ್ತಡ ಒಂದು ಪಿನ್ನನ್ನು ತಳ್ಳಿ ದೊಡ್ಡ ಉಬ್ಬನ್ನು ಜೋಡಿಸುತ್ತದೆ. ಬಾಗಿಲು ಇನ್ನೂ ಅಗಲಕ್ಕೆ, ಇನ್ನೂ ಹೆಚ್ಚು ಹೊತ್ತು ತೆರೆಯುತ್ತದೆ. ಘಾಟಿಯಲ್ಲಿ ನಾವು ಕೇಳುತ್ತಿದ್ದ ಆ ಅರಚಾಟ ಆ ಪಿನ್ನು ಕೂತ ಕ್ಷಣದ್ದು. ಸೊಗಸಾದ ಕೈಚಳಕ, ಆದರೆ ಗಾಳಿ ತಾನಾಗಿಯೇ ಒಳಗೆ ಬರಬೇಕು. ಹೊರಗಿನ ಗಾಳಿಯ ಒತ್ತಡಕ್ಕಿಂತ ಜಾಸ್ತಿ ತುಂಬಲಿಕ್ಕಾಗುವುದಿಲ್ಲ.

ಟರ್ಬೊ ಗಾಳಿಯನ್ನು ಕರೆಯುವುದಿಲ್ಲ, ತುರುಕುತ್ತದೆ. ಅಂಡಿಗೆಗೆ ಹತ್ತಿ ತುಂಬುವವರು ಒಳಗಿಳಿದು ಕಾಲಿನಲ್ಲಿ ತುಳಿಯುತ್ತಾರಲ್ಲ, ಹಾಗೆ. ಅಂಡಿಗೆ ಅದೇ, ತೂಕ ಎರಡರಷ್ಟು. ಸ್ಲಾವಿಯಾದ 178 ನ್ಯೂಟನ್ ಮೀಟರನ್ನು ಅದರ ಸಿಸಿಗೆ ಭಾಗಿಸಿ ನೋಡಿದರೆ ಪಿಸ್ಟನ್ನಿನ ಮೇಲೆ ಬೀಳುವ ಸರಾಸರಿ ಒತ್ತಡ ಸುಮಾರು 22 ಬಾರ್. ಸಿಟಿಯದು 11ರ ಹತ್ತಿರ. ಒಂದೊಂದು ಸ್ಫೋಟವೂ ಪಿಸ್ಟನ್ನನ್ನು ಎರಡರಷ್ಟು ಜೋರಾಗಿ ಒದೆಯುತ್ತಿದೆ.

ಇದಕ್ಕೆ ಬೇಕಾದ ಶಕ್ತಿ ಬರುವುದು ಸೈಲೆನ್ಸರಿನಲ್ಲಿ ಸುಮ್ಮನೆ ಹೊರಗೆ ಹೋಗುವ ಬಿಸಿ ಹೊಗೆಯಿಂದ. ಪೆಟ್ರೋಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಹೀಗೆ ಹೊಗೆಯ ಪಾಲಾಗುತ್ತದೆ. ಆ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರ, ಅದೇ ಅಚ್ಚಿನ ಇನ್ನೊಂದು ತುದಿಗೆ ಗಾಳಿ ಒತ್ತುವ ಇನ್ನೊಂದು ಚಕ್ರ. ಸ್ವಿಟ್ಜರ್‌ಲ್ಯಾಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬೂಖಿ ಇದಕ್ಕೆ ಪೇಟೆಂಟ್ ತೆಗೆದುಕೊಂಡದ್ದು 1905ರಲ್ಲಿ. ಇವತ್ತಿನ ಕಾರಿನ ಟರ್ಬೊ ಚಕ್ರ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಜೋರಾಗಿ ಓಡಿದಾಗ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ.

ನೂರು ವರ್ಷದ ಹಿಂದೆಯೇ ಗೊತ್ತಿದ್ದರೆ ಸಂಸಾರದ ಪೆಟ್ರೋಲ್ ಕಾರಿಗೆ ಬರಲು ಇಷ್ಟು ತಡ ಯಾಕೆ? ಕಾರಣ ನಾಕಿಂಗ್. ಒತ್ತಿ ತುಂಬಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿಯಲ್ಲಿ ಪೆಟ್ರೋಲ್ ಸ್ಪಾರ್ಕ್ ಪ್ಲಗ್ಗಿನಿಂದ ಹರಡುವ ಬೆಂಕಿ ಬಂದು ಮುಟ್ಟುವವರೆಗೆ ಕಾಯದೆ ತಾನೇ ಸಿಡಿಯುತ್ತದೆ. ಕಟಕಟ ಸದ್ದು ಬರುತ್ತದೆ, ಮುಂದುವರಿದರೆ ಪಿಸ್ಟನ್ನೇ ಹಾಳು. ಹಾಗಾಗಿ ಹಳೇ ಟರ್ಬೊ ಎಂಜಿನ್ನುಗಳಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಪ್ರಮಾಣ, ಕಮ್ಮಿ ಇಡುತ್ತಿದ್ದರು. ಟರ್ಬೊ ಏಳುವವರೆಗೆ ಗಾಡಿ ಸತ್ತ ಹಾಗೆ, ಎದ್ದ ಮೇಲೆ ದೆವ್ವ ಹಿಡಿದ ಹಾಗೆ. ಈಗ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನ ಒಳಗೇ ಸಿಂಪಡಿಸುತ್ತಾರೆ. ಇಂಜೆಕ್ಷನ್ ಚುಚ್ಚುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದಲ್ಲ, ಅದೇ ಕತೆ. ಪೆಟ್ರೋಲ್ ಆವಿಯಾಗುತ್ತಾ ಒಳಗಿನ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ, ನಾಕಿಂಗ್ ದೂರ ಸರಿಯುತ್ತದೆ. ಜೊತೆಗೆ ಕಟಕಟ ಕೇಳಿಸಿಕೊಂಡು ಆ ಕೂಡಲೇ ಸ್ಪಾರ್ಕನ್ನು ತಡ ಮಾಡುವ ಕಂಪ್ಯೂಟರ್ ಇದೆ. ಮಾವ ಹೀಯಾಳಿಸಿದ ಮೂರು ಸಿಲಿಂಡರಿಗೂ ಒಂದು ಅನುಕೂಲ ಇದೆ. ನಾಲ್ಕು ಸಿಲಿಂಡರ್ ಇದ್ದರೆ ಒಂದರ ಹೊಗೆ ಇನ್ನೊಂದರ ಹೊಗೆಗೆ ಅಡ್ಡ ಬರುತ್ತದೆ. ಮೂರಿದ್ದರೆ ನಡುವೆ ಅಂತರ ಜಾಸ್ತಿ, ಟರ್ಬೊ ಚಕ್ರಕ್ಕೆ ಒಂದೊಂದು ಏಟೂ ಚೊಕ್ಕವಾಗಿ ಬೀಳುತ್ತದೆ.

ಇನ್ನೊಂದು ವಿಷಯ ಘಟ್ಟದ ಮೇಲಿನವರಿಗೇ ವಿಶೇಷ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡಾ 9ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಬೆಂಗಳೂರಿಗೆ ಬಂದ ಕೂಡಲೇ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಿಟಿಯ 106 ಇಲ್ಲಿ 96ರ ಹತ್ತಿರ. ಮುಳ್ಳಯ್ಯನಗಿರಿಯ 1,900 ಮೀಟರಿಗೆ ಏರಿದರೆ 88. ಟರ್ಬೊ ಇದ್ದರೆ ಚಕ್ರ ಇನ್ನಷ್ಟು ಜೋರಾಗಿ ತಿರುಗಿ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಬ್ರೋಷರಿನಲ್ಲಿ ಇದನ್ನು ಯಾಕೆ ದೊಡ್ಡದಾಗಿ ಬರೆಯುವುದಿಲ್ಲವೋ.

ಹಾಗಂತ ಹೊಸದೆಲ್ಲ ಮೇಲು ಅಂತ ಅಲ್ಲ. 2003ರ ಕೊನೆಗೆ ಸಿಟಿಯದೇ ಹೊಸ ಮಾಡೆಲ್ ಬಂದಾಗ ಅದೇ ಒಂದೂವರೆ ಲೀಟರಿನಿಂದ ಬಂದದ್ದು ಬರೀ 77 ಅಶ್ವಶಕ್ತಿ. ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಹಾಕಿ, ಮೈಲೇಜಿಗೆ ಅಂತಲೇ ಮಾಡಿದ ಎಂಜಿನ್. ವಿಟೆಕ್ ಅಭಿಮಾನಿಗಳು ಹಣೆ ಚಚ್ಚಿಕೊಂಡರು. ಆದರೂ ಕಾರು ಚೆನ್ನಾಗಿ ಹೋಯಿತು.

ಟರ್ಬೊಗೂ ಅದರದೇ ತಕರಾರುಗಳಿವೆ. ಒಮ್ಮೆ ಸಂಬಂಧಿಕರ ಸಣ್ಣ ಟರ್ಬೊ ಕಾರು, ಯಾವುದು ಅಂತ ಬೇಡ, ಓಡಿಸುತ್ತಿದ್ದೆ. ರೋಡ್ ಹಂಪ್ ಬಂತು ಅಂತ ನಿಧಾನ ಮಾಡಿ ಎರಡನೇ ಗೇರಿನಲ್ಲೇ ದಾಟಿದೆ. ಮುಳ್ಳು ಸಾವಿರದ ಹತ್ತಿರ ಇತ್ತು. ಕಾಲು ಒತ್ತಿದರೆ ಏನೂ ಇಲ್ಲ. ಒಂದು ಸೆಕೆಂಡು, ಒಂದೂವರೆ ಸೆಕೆಂಡು. ಹಿಂದಿನಿಂದ ಲಾರಿ ಹಾರ್ನ್. ಆಮೇಲೆ ಒಮ್ಮೆಲೇ ಕತ್ತು ಹಿಂದಕ್ಕೆ ಹೋಗುವ ಹಾಗೆ ಎಳೆಯಿತು. ಹೊಗೆ ಬಂದರೆ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಗಾಳಿ ಬರುತ್ತದೆ, ಗಾಳಿ ಬಂದರೆ ಹೊಗೆ. ಈ ಸರಪಳಿ ಶುರುವಾಗಲು ಹಿಡಿಯುವ ಹೊತ್ತೇ ಟರ್ಬೊ ಲ್ಯಾಗ್. ವಿಟೆಕ್‌ನಲ್ಲಿ ಕಾಲಿಗೂ ಎಂಜಿನ್ನಿಗೂ ನಡುವೆ ಇಂಥ ಮಧ್ಯವರ್ತಿ ಇರಲಿಲ್ಲ. ಒತ್ತಿದಷ್ಟು, ಒತ್ತಿದ ಕೂಡಲೇ.

ಮೈಲೇಜಿನ ಮಾತೂ ಹೀಗೇ. ಸಣ್ಣ ಎಂಜಿನ್ ಮೆತ್ತಗೆ ಓಡಿಸಿದರೆ ಪೆಟ್ರೋಲ್ ಉಳಿಸುತ್ತದೆ, ಯಾಕೆಂದರೆ ಒಳಗೆ ಉಜ್ಜಾಡುವ ಭಾಗಗಳು ಕಮ್ಮಿ, ಅರ್ಧ ಮುಚ್ಚಿದ ಥ್ರಾಟಲ್ (ಗಾಳಿ ಒಳಗೆ ಬರುವ ಬಾಗಿಲು) ಮೂಲಕ ಗಾಳಿ ಎಳೆಯುವ ಕಷ್ಟವೂ ಕಮ್ಮಿ. ಆದರೆ ಇಡೀ ದಾರಿ ಟರ್ಬೊ ಕೂಗಿಸಿಕೊಂಡು ಹೋದರೆ ಉಳಿತಾಯ ಅಲ್ಲಿಗೆ ಮುಗಿಯಿತು. ಎರಡು ಲೀಟರಿನಷ್ಟು ಗಾಳಿ ತುರುಕಿದರೆ ಎರಡು ಲೀಟರಿನ ಎಂಜಿನ್ನಿನಷ್ಟೇ ಪೆಟ್ರೋಲ್ ಬೇಕಲ್ಲ. ಫೋರ್ಡ್ ತನ್ನ ಒಂದು ಲೀಟರ್ ಟರ್ಬೊಗೆ ಇಕೋಬೂಸ್ಟ್ ಅಂತ ಹೆಸರಿಟ್ಟಿತ್ತು. ಇಕೋನೂ ಸಿಗುತ್ತೆ, ಬೂಸ್ಟೂ ಸಿಗುತ್ತೆ, ಎರಡೂ ಒಟ್ಟಿಗೆ ಸಿಗಲ್ಲ ಅಂತ ಓಡಿಸುವವರು ತಮಾಷೆ ಮಾಡುತ್ತಿದ್ದರು.

ನಮ್ಮಲ್ಲಿ ಸಣ್ಣ ಎಂಜಿನ್ನಿನ ಹಿಂದೆ ತೆರಿಗೆಯ ಕೈಯೂ ಇದೆ. ನಾಲ್ಕು ಮೀಟರಿನ ಒಳಗಿನ ಉದ್ದ, 1,200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇದ್ದರೆ 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ 18%. ಗೆರೆ ದಾಟಿದರೆ 40%. ಇದೇ ಒಂದು ಲೀಟರ್ ಟರ್ಬೊ ಹಾಕಿಕೊಂಡು ಬಂದ ಸ್ಕೋಡಾದ ಇನ್ನೊಂದು ಕಾರು ಕೈಲಾಕ್‌ನ ಉದ್ದ 3,995 ಮಿಲಿಮೀಟರ್. ಆ ಐದು ಮಿಲಿಮೀಟರ್ ಉಳಿಸಿದ್ದು ಎಂಜಿನಿಯರ್ ಅಲ್ಲ, ಲೆಕ್ಕಿಗ. ಹೆಚ್ಚು ಉದ್ದದ ಸ್ಲಾವಿಯಾಕ್ಕೆ ಈ ರಿಯಾಯಿತಿ ಇಲ್ಲ.

ಹಳೇ ಕಾರಿನ ಅಭಿಮಾನಿಗಳು ಕೂತು ಮಾತಾಡುವಾಗ ಯಾರೂ ಎತ್ತದ ವಿಷಯ ಬ್ರೇಕು. ಆ ಕಾಲದ ಬಹುಪಾಲು ಕಾರುಗಳ ಹಾಗೆ ಮಾವನ ಕಾರಿನಲ್ಲೂ ಏರ್‌ಬ್ಯಾಗ್ ಇರಲಿಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರಲಿಲ್ಲ. ಇವು ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರಿಗೂ ಕಡ್ಡಾಯವಾದದ್ದು 2019ರಲ್ಲಿ. ಸ್ಲಾವಿಯಾ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಐದು ಸ್ಟಾರ್ ತೆಗೆದುಕೊಂಡಿತು. ಹಳೇ ಸಿಟಿ ಚುರುಕಾಗಿದ್ದದ್ದಕ್ಕೆ ಅದರ ಹಗುರ ಮೈ ದೊಡ್ಡ ಕಾರಣ. ಮೈ ಹಗುರ ಇದ್ದದ್ದಕ್ಕೆ ಈ ಉಕ್ಕು, ಈ ಸಾಮಾನು ಇಲ್ಲದ್ದೂ ಒಂದು ಕಾರಣ. ಜುಲೈ ತಿಂಗಳಲ್ಲಿ ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಲು ಶುರು ಮಾಡಿದರೆ ಇವತ್ತಿನ ಕಾರು ತಾನೇ ಒಂದು ಚಕ್ರಕ್ಕೆ ಬ್ರೇಕ್ ಹಾಕಿ ಮೂತಿ ನೇರ ಮಾಡುತ್ತದೆ. ನನ್ನ ಮಟ್ಟಿಗೆ ಈ ಒಂದೇ ಮಾತಿಗೆ ವಾದ ಮುಗಿಯಿತು. ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯುವುದಾದರೆ ಹೊಸದೇ.

ಸದ್ದಿನ ವಿಷಯದಲ್ಲಿ ಮಾತ್ರ ನಾನು ಮಾವನ ಪಕ್ಷ.

ಅವತ್ತು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಎದ್ದ ಮೇಲೆ ಮಾವ ಕೀ ಇಸಕೊಂಡರು. ಮೂಡಿಗೆರೆ ರಸ್ತೆಯಲ್ಲಿ ಮುಂದೆ ಒಂದು ಜೀಪು ಸಿಕ್ಕಿತು. ಅಭ್ಯಾಸ ಬಿಡುತ್ತದೆಯೇ, ಎಡಗೈ ಎರಡನೇ ಗೇರಿಗೆ ಹೋಯಿತು, ಕಾಲು ತಳಕ್ಕೆ. ಐದೂವರೆ ಸಾವಿರ ದಾಟಿದ ಮೇಲೆ ಎಂಜಿನ್ ಬರೀ ಕೂಗಿತು, ಜಾಸ್ತಿ ಏನೂ ಬರಲಿಲ್ಲ. ಅಷ್ಟು ಮೇಲೆ ಅದರ ಹತ್ತಿರ ಕೊಡುವುದಕ್ಕೆ ಏನೂ ಉಳಿದಿರುವುದಿಲ್ಲ.

"ಅಪ್ಪಾ, ಮೂರರಲ್ಲೇ ಬಿಡಿ, ಅದೇ ಎಳೆಯುತ್ತೆ" ಅಂದ ಮಗ.

"ಮತ್ತೆ ಕೈಗೆ ಕೆಲಸ ಬೇಡ್ವೇನೋ?" ಅಂದರು ಮಾವ. ಮುಂದಿನ ತಿರುವಿನಲ್ಲಿ ಮತ್ತೆ ಎರಡಕ್ಕೇ ಇಳಿಸಿದರು.